ಹಾಲಿನ ಲೆಕ್ಕದಿಂದ ಪೈಥಾನ್: ಏನೂ ಗೊತ್ತಿಲ್ಲದವರಿಗೆ ಪ್ರೋಗ್ರಾಮಿಂಗ್ ಮೊದಲ ಪಾಠ

ವೀಡಿಯೊ ನೋಡುವಾಗ ಎಲ್ಲ ತಿಳಿದಂತಿರುತ್ತದೆ. ಮುಗಿದ ಮೇಲೆ ಖಾಲಿ ಪರದೆಯ ಮುಂದೆ ಒಬ್ಬರೇ ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಹೊಸಬರು ಬಹುಪಾಲು ಕೈಬಿಡುವುದು ಇಲ್ಲಿಯೇ. ನೋಡಿ ತಿಳಿದದ್ದು ಕೈಗೆ ಇಳಿಯಬೇಕಾದರೆ ಒಂದು ಅಭ್ಯಾಸವನ್ನು ಮೊದಲ ದಿನದಿಂದಲೇ ಹಿಡಿಯಬೇಕು: ರನ್ ಒತ್ತುವ ಮುನ್ನ ಪರದೆಯ ಮೇಲೆ ಏನು ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುವುದು. ಬರೆದದ್ದು ಹೊಂದಿದರೆ ಮುಂದಕ್ಕೆ ಹೋಗಿ. ಹೊಂದದಿದ್ದರೆ ಅಲ್ಲೇ ನಿಂತು ಯಾಕೆಂದು ಹುಡುಕಿ. ಕೆಳಗಿನ ಪಾಠಗಳೆಲ್ಲ ಈ ಒಂದು ಅಭ್ಯಾಸದ ಮೇಲೆ ನಿಂತಿವೆ.

ಭಾಷೆ ಪೈಥಾನ್. ಗೈಡೊ ವಾನ್ ರಾಸಮ್ ಎಂಬ ಡಚ್ ಪ್ರೋಗ್ರಾಮರ್ ಇದನ್ನು ಕಟ್ಟಿ 1991ರಲ್ಲಿ ಮೊದಲು ಹೊರತಂದರು. ದುಡ್ಡು ಕೊಡಬೇಕಿಲ್ಲ. ಜಾವಾದಂಥ ಭಾಷೆಯಲ್ಲಿ ಪರದೆಗೆ ಒಂದು ಸಾಲು ತರಲು ಅರ್ಥವಾಗದ ಮೂರ್ನಾಲ್ಕು ಸಾಲನ್ನು ಬಾಯಿಪಾಠ ಮಾಡಬೇಕು. ಪೈಥಾನಿಗೆ ಒಂದೇ ಸಾಲು ಸಾಕು. ಕನ್ನಡಿಗರಿಗೆ ಇನ್ನೊಂದು ಅನುಕೂಲವೂ ಇದೆ. ಪೈಥಾನ್ 3ರಲ್ಲಿ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ಹಾಲು, ದರ, ಮೊತ್ತ ಎಂದು ಬರೆದರೆ ಯಂತ್ರ ಒಪ್ಪುತ್ತದೆ.

ತಯಾರಿ

ನಾಲ್ಕು ಜಿಬಿ ರ್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಪೈಥಾನ್ ಡಾಟ್ ಆರ್ಗ್ ತಾಣದ ಡೌನ್‌ಲೋಡ್ ಪುಟದಿಂದ ಇನ್‌ಸ್ಟಾಲರ್ ಇಳಿಸಿಕೊಳ್ಳಿ. 3.10 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಲಿ, ಏಕೆಂದರೆ ಅಲ್ಲಿಂದೀಚೆಗೆ ತಪ್ಪಿನ ಸಂದೇಶಗಳು ಹೊಸಬರಿಗೆ ತಿಳಿಯುವಷ್ಟು ಸ್ಪಷ್ಟವಾಗಿವೆ. ವಿಂಡೋಸ್ 7 ಇರುವ ಯಂತ್ರವಾದರೆ 3.8ಕ್ಕಿಂತ ಮುಂದಿನದು ನಡೆಯುವುದಿಲ್ಲ. ಕಲಿಯುವುದಕ್ಕೆ ಅದೂ ಆಗುತ್ತದೆ. ಹಳೆಯ ಪುಸ್ತಕದಲ್ಲಿ ಪೈಥಾನ್ 2 ಎಂದಿದ್ದರೆ ಆ ಪುಸ್ತಕ ಬದಿಗಿಡಿ, ಆ ಆವೃತ್ತಿಯ ನಿರ್ವಹಣೆ 2020ರ ಜನವರಿ 1ಕ್ಕೆ ನಿಂತಿದೆ.

ಇನ್‌ಸ್ಟಾಲರಿನ ಮೊದಲ ಕಿಟಕಿಯ ತಳದಲ್ಲಿ, ಪೈಥಾನನ್ನು ಪಾತ್‌ಗೆ ಸೇರಿಸಬೇಕೇ ಎಂದು ಕೇಳುವ ಚೌಕವಿದ್ದರೆ ಅದಕ್ಕೆ ಟಿಕ್ ಹಾಕಿಯೇ ಮುಂದುವರಿಯಿರಿ. ಟಿಕ್ ಹಾಕದೆ ಬಿಟ್ಟರೆ ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಟೈಪಿಸಿದಾಗ ಯಂತ್ರಕ್ಕೆ ಅದು ಎಲ್ಲಿದೆಯೆಂದು ಗೊತ್ತಾಗುವುದಿಲ್ಲ.

ಪೈಥಾನ್ ಜೊತೆಗೇ ಐಡಲ್ ಎಂಬ ಬರೆಯುವ ತಾಣವೂ ಬರುತ್ತದೆ. ಮೊದಲ ಎರಡು ತಿಂಗಳಿಗೆ ಇದಕ್ಕಿಂತ ದೊಡ್ಡದು ಬೇಡ. ದೊಡ್ಡ ಎಡಿಟರುಗಳು ಒಳ್ಳೆಯವೇ, ಆದರೆ ಅವುಗಳ ಸೆಟ್ಟಿಂಗಿನಲ್ಲೇ ಹೊಸಬರ ಮೊದಲ ವಾರ ಕಳೆದುಹೋಗುತ್ತದೆ. ಐಡಲ್ ತೆರೆದರೆ ಮೂರು ಬಾಣದ ಗುರುತು ಕಾಣುತ್ತದೆ, ಅದು ಶೆಲ್. ಅಲ್ಲಿ ಬರೆದ ಸಾಲು ಎಂಟರ್ ಒತ್ತಿದ ಕೂಡಲೇ ಓಡುತ್ತದೆ, ಉಳಿಯುವುದಿಲ್ಲ. ಉಳಿಯಬೇಕಾದದ್ದನ್ನು ಫೈಲ್ ಮೆನುವಿನ ನ್ಯೂ ಫೈಲ್ ಕಿಟಕಿಯಲ್ಲಿ ಬರೆದು, ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸಿ, ಎಫ್5 ಒತ್ತಿ ಓಡಿಸಬೇಕು. ಪರೀಕ್ಷೆಗೆ ಶೆಲ್, ಕೆಲಸಕ್ಕೆ ಫೈಲ್.

ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಆ್ಯಪ್ ಹಾಕಿಕೊಂಡು ಇಲ್ಲಿರುವುದನ್ನೆಲ್ಲ ಮಾಡಬಹುದು. ಬ್ರೌಸರಿನಲ್ಲಿ ಗೂಗಲ್ ಕೊಲ್ಯಾಬ್ ಕೂಡ ಆಗುತ್ತದೆ. ಫೋನಿನಲ್ಲಿ ಕಷ್ಟವಾಗುವುದು ಸಾಲಿನ ಮುಂದೆ ಜಾಗ ಬಿಡುವುದು. ಒಟಿಜಿ ಕನೆಕ್ಟರ್ ಮೂಲಕ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಂಡರೆ ಆ ತೊಂದರೆ ಬಹುಪಾಲು ಹೋಗುತ್ತದೆ.

ಇಂಗ್ಲಿಷ್ ಎಷ್ಟು ಬೇಕು

ಮೊದಲಿಗೆ ಒಂದು ಡಜನ್ ಪದ, ಉಳಿದ ಕೆಲವು ಮುಂದೆ ಬಂದಲ್ಲಿ ನೋಡೋಣ. ಓದಲು ಸುಲಭವಾಗಲೆಂದು ಪೈಥಾನಿನ ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪಿಸುವಾಗ ಮಾತ್ರ ಅವು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರಬೇಕು. ಪ್ರಿಂಟ್ ಅಂದರೆ ಪಿ, ಆರ್, ಐ, ಎನ್, ಟಿ. ಇನ್‌ಪುಟ್ ಅಂದರೆ ಐ, ಎನ್, ಪಿ, ಯು, ಟಿ, ನಡುವೆ ಜಾಗವಿಲ್ಲ. ಫ್ಲೋಟ್ ಅಂದರೆ ಎಫ್, ಎಲ್, ಓ, ಎ, ಟಿ. ಇಂಟ್ ಅಂದರೆ ಐ, ಎನ್, ಟಿ. ಇಫ್, ಎಲ್ಸ್, ಫಾರ್, ಇನ್ ಎಂಬವು ಶಾಲೆಯ ಇಂಗ್ಲಿಷಿನವೇ. ಎಲಿಫ್ ಹೊಸದು: ಇ, ಎಲ್, ಐ, ಎಫ್. ಡೆಫ್ ಅಂದರೆ ಡಿ, ಇ, ಎಫ್. ರಿಟರ್ನ್, ರೇಂಜ್ ಎರಡು ಸೇರಿದರೆ ಪಟ್ಟಿ ಮುಗಿಯಿತು. ಇವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ. ನಾವಿಟ್ಟ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಟೈಪಿಸಿ. ವಿಂಡೋಸಿನಲ್ಲಿ ಎರಡು ಕೀಬೋರ್ಡ್ ಭಾಷೆ ಹಾಕಿಕೊಂಡಿದ್ದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ಕನ್ನಡ ಟೈಪಿಸುವವರಿಗೆ ಮೂರು ಎಚ್ಚರಿಕೆ ಹೇಳಲೇಬೇಕು. ಇಂಗ್ಲಿಷ್ ಪಾಠಗಳಲ್ಲಿ ಇವು ಸಿಗುವುದಿಲ್ಲ.

ಮೊದಲನೆಯದು, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಪದ್ಧತಿ) ಅಲ್ಲ. ಅಲ್ಲಿಂದ ನಕಲು ಮಾಡಿ ಅಂಟಿಸಿದರೆ ಐಡಲ್‌ನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಕೀಬೋರ್ಡಿನಲ್ಲೇ ಟೈಪಿಸಿ.

ಎರಡನೆಯದು ಕಣ್ಣಿಗೆ ಕಾಣದ ತಪ್ಪು. ಪಾಕೆಟ್‌ದರ ಎಂದು ಬರೆಯುವಾಗ ಟ್ ಮತ್ತು ದ ಒತ್ತಕ್ಷರವಾಗಿ ಕೂಡದಿರಲೆಂದು ನಾವು ನಡುವೆ ಒಂದು ಕೀ ಒತ್ತುತ್ತೇವೆ. ಅಲ್ಲಿ ಅಗಲವಿಲ್ಲದ ಒಂದು ಅಕ್ಷರ ಸೇರುತ್ತದೆ, ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಹೆಸರಿನೊಳಗೆ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಕಾಣದ ಅಕ್ಷರವಿದೆ ಎಂದು ತಪ್ಪು ತೋರಿಸುತ್ತದೆ. ಪದಗಳ ನಡುವೆ ಅಡಿಗೆರೆ ಹಾಕಿ ಪಾಕೆಟ್_ದರ ಎಂದು ಬರೆದರೆ ಸರಿಹೋಗುತ್ತದೆ. ಉದ್ಧರಣ ಚಿಹ್ನೆಯೊಳಗಿನ ಮಾತಿನಲ್ಲಿ ಆ ಅಕ್ಷರ ಎಷ್ಟಿದ್ದರೂ ತೊಂದರೆಯಿಲ್ಲ.

ಮೂರನೆಯದು ಅಂಕಿ. ಪ್ರೋಗ್ರಾಮಿನೊಳಗೆ ನೇರವಾಗಿ ೧೨ ಎಂದು ಕನ್ನಡ ಅಂಕಿ ಬರೆದರೆ ತಪ್ಪು ಬರುತ್ತದೆ, 12 ಎಂದೇ ಬರೆಯಬೇಕು. ಆದರೆ ಓಡುತ್ತಿರುವ ಪ್ರೋಗ್ರಾಮ್ ಕೇಳಿದಾಗ ಬಳಸುವವರು ೧೨ ಎಂದು ಟೈಪಿಸಿದರೆ ಇಂಟ್ ಆಜ್ಞೆ ಅದನ್ನು ಸರಿಯಾಗಿಯೇ 12 ಮಾಡಿಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ಶೆಲ್‌ನಲ್ಲಿ ಮಾಡಿ ನೋಡಿ, ಖುಷಿಯಾಗುತ್ತದೆ.

ಮೊದಲ ನಾಲ್ಕು ಸಾಲು

ಮನೆಯಿಂದ ಡೇರಿಗೆ ಹಾಲು ಹಾಕುವ ಲೆಕ್ಕವನ್ನೇ ಕೊನೆಯವರೆಗೂ ಬೆಳೆಸೋಣ. ಹೊಸ ಫೈಲಿನಲ್ಲಿ ಇಷ್ಟು ಬರೆಯಿರಿ. ನಕಲು ಮಾಡಿ ಅಂಟಿಸಬೇಡಿ, ಬೆರಳಲ್ಲೇ ಟೈಪಿಸಿ.

ಹಾಲು = 6.5
ದರ = 40
ಮೊತ್ತ = ಹಾಲು * ದರ
ಪ್ರಿಂಟ್(ಮೊತ್ತ)

ಎಫ್5 ಒತ್ತುವ ಮುನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಿರಿ. ಹೆಚ್ಚಿನವರು 260 ಎಂದು ಬರೆಯುತ್ತಾರೆ. ಪರದೆಯಲ್ಲಿ ಬರುವುದು 260.0. ಈ ಸಣ್ಣ ವ್ಯತ್ಯಾಸವನ್ನು ದಾಟಿ ಹೋಗಬೇಡಿ. ಪೈಥಾನಿಗೆ ಪೂರ್ಣಸಂಖ್ಯೆ ಬೇರೆ, ದಶಮಾಂಶದ ಸಂಖ್ಯೆ ಬೇರೆ, 6.5 ದಶಮಾಂಶದ್ದಾದ್ದರಿಂದ ಅದು ಸೇರಿದ ಲೆಕ್ಕದ ಉತ್ತರವೂ ದಶಮಾಂಶದ್ದೇ.

ಇಲ್ಲಿ ಸಮ ಚಿಹ್ನೆಗೆ ಗಣಿತದ ಅರ್ಥವಿಲ್ಲ. ಬಲಗಡೆ ಇರುವುದನ್ನು ಲೆಕ್ಕ ಹಾಕಿ, ಬಂದದ್ದನ್ನು ಎಡಗಡೆಯ ಹೆಸರಿನ ಡಬ್ಬಿಗೆ ಹಾಕು ಎಂಬುದು ಅದರ ಮಾತು. ಇದು ಮನಸ್ಸಿಗೆ ಇಳಿದಿದೆಯೇ ಎಂದು ನೋಡಲು ಮೂರನೆಯ ಮತ್ತು ನಾಲ್ಕನೆಯ ಸಾಲಿನ ನಡುವೆ ದರ = 42 ಎಂಬ ಹೊಸ ಸಾಲು ಸೇರಿಸಿ. ಈಗ ಉತ್ತರವೇನು? ಬರೆಯಿರಿ, ಆಮೇಲೆ ಓಡಿಸಿ.

ಉತ್ತರ ಈಗಲೂ 260.0. ಎಕ್ಸೆಲ್ ಬಳಸಿ ರೂಢಿಯಿದ್ದವರು ಇಲ್ಲಿ ಖಂಡಿತ ತಪ್ಪುತ್ತಾರೆ, ಯಾಕೆಂದರೆ ಎಕ್ಸೆಲ್‌ನಲ್ಲಿ ಒಂದು ಮನೆಯ ಅಂಕಿ ಬದಲಾದರೆ ಅದನ್ನು ನೆಚ್ಚಿದ ಮನೆಗಳೂ ಬದಲಾಗುತ್ತವೆ. ಪೈಥಾನ್ ಮೇಲಿಂದ ಕೆಳಕ್ಕೆ ಒಂದೊಂದೇ ಸಾಲು ಮಾಡಿ ಮುಗಿಸಿ ಮುಂದೆ ಹೋಗುತ್ತದೆ. ಮೂರನೆಯ ಸಾಲಿಗೆ ಬಂದಾಗ ದರದ ಡಬ್ಬಿಯಲ್ಲಿ 40 ಇತ್ತು, ಗುಣಿಸಿ 260.0 ಎಂದು ಮೊತ್ತದ ಡಬ್ಬಿಗೆ ಹಾಕಿತು, ಆ ಕೆಲಸ ಮುಗಿಯಿತು. ಆಮೇಲೆ ದರದ ಡಬ್ಬಿಗೆ 42 ಬಂದರೂ ಮೊತ್ತಕ್ಕೆ ಸುದ್ದಿ ಮುಟ್ಟುವುದಿಲ್ಲ. ಹೊಸ ದರ ಬೇಕಿದ್ದರೆ ಗುಣಾಕಾರದ ಸಾಲನ್ನು ಇನ್ನೊಮ್ಮೆ ಬರೆಯಬೇಕು.

ಇದನ್ನು ಪೆನ್ಸಿಲಿನಲ್ಲಿ ಹೀಗೆ ಮಾಡಿ: ನೋಟ್‌ಬುಕ್ಕಿನಲ್ಲಿ ಮೂರು ಕಂಬಸಾಲು ಎಳೆದು ಹಾಲು, ದರ, ಮೊತ್ತ ಎಂದು ತಲೆಬರಹ ಕೊಡಿ. ಪ್ರೋಗ್ರಾಮಿನ ಸಾಲುಗಳ ಮೇಲೆ ಬೆರಳಿಟ್ಟು ಇಳಿಯುತ್ತ, ಡಬ್ಬಿಯ ಬೆಲೆ ಬದಲಾದಾಗ ಹಳೆಯದಕ್ಕೆ ಅಡ್ಡಗೆರೆ ಎಳೆದು ಅದರ ಕೆಳಗೆ ಹೊಸದನ್ನು ಬರೆಯಿರಿ. ಪ್ರಿಂಟ್ ಸಾಲಿಗೆ ಬಂದಾಗ ಅಡ್ಡಗೆರೆ ಇಲ್ಲದ ಅಂಕಿಯೇ ಉತ್ತರ. ಐದು ನಿಮಿಷದ ಕೆಲಸ. ಮೊದಲ ತಿಂಗಳು ಪ್ರತಿ ಪ್ರೋಗ್ರಾಮಿಗೂ ಇದನ್ನು ಮಾಡಿದವರಿಗೆ ಮುಂದೆ ತಪ್ಪು ಹುಡುಕುವುದು ಕಷ್ಟವೆನಿಸುವುದಿಲ್ಲ.

ಕೇಳಿ ಪಡೆಯುವುದು, ಮತ್ತು ತಪ್ಪು ತೋರಿಸದ ತಪ್ಪು

ಪ್ರತಿ ದಿನ ಹಾಲಿನ ಅಳತೆ ಬೇರೆ. ಅದಕ್ಕೆ ಪ್ರೋಗ್ರಾಮೇ ಕೇಳಲಿ. ಮೊದಲ ಸಾಲನ್ನು ಹೀಗೆ ಬದಲಿಸಿ, ನಡುವೆ ಸೇರಿಸಿದ 42ರ ಸಾಲನ್ನು ತೆಗೆಯಿರಿ:

ಹಾಲು = ಇನ್‌ಪುಟ್("ಎಷ್ಟು ಲೀಟರ್? ")

ಓಡಿಸಿ 6.5 ಎಂದು ಕೊಟ್ಟರೆ ಪರದೆಯ ಮೇಲೆ 6.56.56.56.5 ಎಂದು ಉದ್ದಕ್ಕೆ ಹರಿಯುತ್ತದೆ. ಎಣಿಸಿದರೆ ಸರಿಯಾಗಿ ನಲವತ್ತು ಸಲ. ಯಂತ್ರ ಕೆಟ್ಟಿಲ್ಲ. ಇನ್‌ಪುಟ್ ತಂದುಕೊಡುವುದು ಯಾವಾಗಲೂ ಬರಹ, ಸಂಖ್ಯೆಯಲ್ಲ. ಬರಹವನ್ನು 40ರಿಂದ ಗುಣಿಸು ಅಂದರೆ ನಲವತ್ತು ಸಲ ಒತ್ತಿಗೆ ಬರೆ ಎಂದು ಪೈಥಾನ್ ತಿಳಿಯುತ್ತದೆ. ಕೆಂಪಕ್ಷರದ ಸಂದೇಶ ಬರುವ ತಪ್ಪುಗಳಿಗಿಂತ ಇಂಥವೇ ಅಪಾಯದವು, ಯಾಕೆಂದರೆ ಇಲ್ಲಿ ಯಾರೂ ಎಚ್ಚರಿಸುವುದಿಲ್ಲ. ಉತ್ತರವನ್ನು ಮೊದಲೇ ಬರೆದಿಟ್ಟವರಿಗೆ ಮಾತ್ರ ಕಾಣುತ್ತದೆ.

ಬರಹವನ್ನು ಸಂಖ್ಯೆಯಾಗಿಸಲು ಫ್ಲೋಟ್ ಹೊದಿಸಬೇಕು:

ಹಾಲು = ಫ್ಲೋಟ್(ಇನ್‌ಪುಟ್("ಎಷ್ಟು ಲೀಟರ್? "))

ಕೊನೆಯಲ್ಲಿ ಎರಡು ಕಂಸ ಮುಚ್ಚಿರುವುದನ್ನು ನೋಡಿ, ತೆರೆದಷ್ಟೇ ಮುಚ್ಚಬೇಕು. ಫ್ಲೋಟ್ ಬದಲು ಇಂಟ್ ಹಾಕಿದ್ದರೆ 6.5 ಕೊಟ್ಟಾಗ ವ್ಯಾಲ್ಯೂಎರರ್ ಬರುತ್ತಿತ್ತು, ಇಂಟ್ ಪೂರ್ಣಸಂಖ್ಯೆಯ ಬರಹವನ್ನಷ್ಟೇ ಒಪ್ಪುತ್ತದೆ. ಆರೂವರೆಯನ್ನು 6,5 ಎಂದು ಅಲ್ಪವಿರಾಮ ಹಾಕಿ ಕೊಟ್ಟರೂ, 6.5 ಲೀ ಎಂದು ಅಕ್ಷರ ಸೇರಿಸಿದರೂ ಅದೇ ತಪ್ಪು.

ಹಣದ ಲೆಕ್ಕ ಬಂದಾಗ ತಿಳಿದಿರಬೇಕಾದ ಒಂದು ಮಾತು. ಶೆಲ್‌ನಲ್ಲಿ 0.1 + 0.2 ಎಂದು ಕೊಡಿ. 0.30000000000000004 ಎಂದು ಬರುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಘಾತಗಳಲ್ಲಿ ಇಡುವುದರಿಂದ 0.1 ಎಂಬುದು ಅದರೊಳಗೆ ಪೂರ್ತಿ ಕೂಡುವುದಿಲ್ಲ, ಮೂರರಲ್ಲಿ ಒಂದು ಪಾಲು ನಮ್ಮ ದಶಮಾಂಶದಲ್ಲಿ 0.333 ಎಂದು ಮುಗಿಯದೆ ಹೋಗುವ ಹಾಗೆ. ತೋರಿಸುವಾಗ ರೌಂಡ್(ಮೊತ್ತ, 2) ಎಂದು ಎರಡು ಸ್ಥಾನಕ್ಕೆ ನಿಲ್ಲಿಸಿದರೆ ಮನೆಯ ಲೆಕ್ಕಕ್ಕೆ ಸಾಕು. ಬ್ಯಾಂಕಿನಂಥ ಕೆಲಸಕ್ಕೆ ಪೂರ್ತಿ ಪೈಸೆಯಲ್ಲೇ ಪೂರ್ಣಸಂಖ್ಯೆಯಾಗಿ ಲೆಕ್ಕ ಇಡುವುದು ಒಳ್ಳೆಯದು.

ಕೆಂಪಕ್ಷರ ಬಂದಾಗ

ಸಂದೇಶದ ಕೊನೆಯ ಸಾಲನ್ನು ಮೊದಲು ಓದಿ. ತಪ್ಪಿನ ಜಾತಿ ಯಾವುದೆಂದು ಅಲ್ಲಿರುತ್ತದೆ. ಅದರ ಮೇಲೆ ಲೈನ್ ಎಂದು ಸಾಲಿನ ಸಂಖ್ಯೆ ಇರುತ್ತದೆ. ಆ ಸಾಲು ಸರಿಯಾಗಿ ಕಂಡರೆ ಅದರ ಹಿಂದಿನ ಸಾಲು ನೋಡಿ. ಮೇಲೆ ಕಂಸ ಮುಚ್ಚದೆ ಬಿಟ್ಟಿದ್ದು ಹಳೆಯ ಆವೃತ್ತಿಗಳಲ್ಲಿ ಎಷ್ಟೋ ಸಲ ಕೆಳಗಿನ ಸಾಲಿನ ತಪ್ಪಾಗಿ ತೋರುತ್ತದೆ.

ನೇಮ್‌ಎರರ್ ಬಂದರೆ ಆ ಹೆಸರು ಪೈಥಾನಿಗೆ ಗೊತ್ತಿಲ್ಲ. ಪ್ರಿಂಟ್‌ನ ಪಿ ದೊಡ್ಡಕ್ಷರವಾಗಿರಬಹುದು. ಫೋನಿನ ಕೀಬೋರ್ಡ್ ಸಾಲಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ, ಆ ಸೌಲಭ್ಯ ನಿಲ್ಲಿಸಿಡಿ. ಇಲ್ಲವೇ ಒಂದು ಕಡೆ ಮೊತ್ತ, ಇನ್ನೊಂದು ಕಡೆ ಮೋತ್ತ ಎಂದಾಗಿರಬಹುದು. ಸಿಂಟ್ಯಾಕ್ಸ್‌ಎರರ್ ಅಂದರೆ ವ್ಯಾಕರಣವೇ ತಪ್ಪಿದೆ: ಕಂಸ, ಉದ್ಧರಣ ಚಿಹ್ನೆ, ಎರಡು ಚುಕ್ಕೆ (:) ಯಾವುದೋ ಒಂದು ಬಿಟ್ಟಿದೆ. ವಾಟ್ಸ್‌ಆ್ಯಪ್ ಅಥವಾ ವರ್ಡ್‌ನಿಂದ ಅಂಟಿಸಿದ್ದರೆ ಉದ್ಧರಣ ಚಿಹ್ನೆ ಬಾಗಿದ ರೂಪದ್ದಾಗಿರುವ ಸಂಭವ ಹೆಚ್ಚು. ನೆಟ್ಟಗಿನ ಚಿಹ್ನೆಯೇ ಬೇಕು, ಅಳಿಸಿ ಮತ್ತೆ ಟೈಪಿಸಿ. ಟೈಪ್‌ಎರರ್ ಅಂದರೆ ಬರಹಕ್ಕೆ ಸಂಖ್ಯೆ ಕೂಡಿಸುವಂಥ ಹೊಂದದ ಜೋಡಿ.

ಎಚ್ಚರದ ಇನ್ನೊಂದು ಜಾಗ ಫೈಲಿನ ಹೆಸರು. ನಿಮ್ಮ ಫೈಲಿಗೆ ಇಂಗ್ಲಿಷಿನಲ್ಲಿ ರ್ಯಾಂಡಮ್ ಎಂದೋ ಮ್ಯಾಥ್ ಎಂದೋ ಹೆಸರಿಡಬೇಡಿ. ಪೈಥಾನಿನೊಳಗೆ ಅದೇ ಹೆಸರಿನ ಸಾಮಗ್ರಿ ಇದೆ. ರ್ಯಾಂಡಮ್ ತಾ ಎಂದು ನೀವು ಕೇಳಿದಾಗ ಪೈಥಾನ್ ತನ್ನದನ್ನು ಬಿಟ್ಟು ನಿಮ್ಮ ಫೈಲನ್ನೇ ತಂದುಬಿಡುತ್ತದೆ. ಆಗ ಬರುವ ಸಂದೇಶ ಎಷ್ಟು ಓದಿದರೂ ತಿಳಿಯದು. ಹಾಲು1, ಹಾಲು2 ಎಂದು ಇಡುತ್ತ ಹೋಗಿ.

ಷರತ್ತು: ಫ್ಯಾಟ್ ನೋಡಿ ದರ

ಡೇರಿಗಳಲ್ಲಿ ಫ್ಯಾಟ್ (ಕೊಬ್ಬಿನಂಶ) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎರಡನ್ನೂ ನೋಡಿ ದರ ಕಟ್ಟುತ್ತಾರೆ. ಅಭ್ಯಾಸಕ್ಕೆ ಫ್ಯಾಟ್ ಒಂದನ್ನೇ ಇಟ್ಟುಕೊಳ್ಳೋಣ, ಅಂಕಿಗಳೂ ಅಭ್ಯಾಸದವೇ. 4 ಅಥವಾ ಹೆಚ್ಚಿದ್ದರೆ ಲೀಟರಿಗೆ 42, 3.5ರಿಂದ ಮೇಲೆ 4ರೊಳಗಿದ್ದರೆ 40, ಅದಕ್ಕೂ ಕಡಿಮೆಯಾದರೆ 36.

ಫ್ಯಾಟ್ = ಫ್ಲೋಟ್(ಇನ್‌ಪುಟ್("ಫ್ಯಾಟ್ ಎಷ್ಟು? "))
ಇಫ್ ಫ್ಯಾಟ್ >= 4:
    ದರ = 42
ಎಲಿಫ್ ಫ್ಯಾಟ್ >= 3.5:
    ದರ = 40
ಎಲ್ಸ್:
    ದರ = 36

ಸಾಲಿನ ಕೊನೆಯ ಎರಡು ಚುಕ್ಕೆ, ಮುಂದಿನ ಸಾಲಿನ ಆರಂಭದಲ್ಲಿ ಬಿಟ್ಟ ಜಾಗ ಎರಡೂ ಕಡ್ಡಾಯ; ಆ ಜಾಗ ನಾಲ್ಕು ಸ್ಪೇಸ್ ಇರುವುದು ರೂಢಿ. ಯಾವ ಸಾಲು ಯಾವ ಷರತ್ತಿನ ಕೆಳಗಿದೆ ಎಂದು ಪೈಥಾನ್ ತಿಳಿಯುವುದೇ ಈ ಒಳಸರಿತದಿಂದ. ಐಡಲ್‌ನಲ್ಲಿ ಎರಡು ಚುಕ್ಕೆ ಹಾಕಿ ಎಂಟರ್ ಒತ್ತಿದರೆ ತಾನಾಗಿಯೇ ಒಳಸರಿಯುತ್ತದೆ. ಸರಿಯದಿದ್ದರೆ ಎರಡು ಚುಕ್ಕೆ ಮರೆತಿದ್ದೀರಿ ಎಂದರ್ಥ. ಒಂದೇ ಷರತ್ತಿನ ಕೆಳಗೆ ಕೆಲವು ಸಾಲಿಗೆ ಟ್ಯಾಬ್, ಕೆಲವಕ್ಕೆ ಸ್ಪೇಸ್ ಬೆರೆಸಿದರೆ ನೋಡಲು ಒಂದೇ ಥರ ಕಂಡರೂ ಯಂತ್ರ ಒಪ್ಪುವುದಿಲ್ಲ.

ಷರತ್ತುಗಳ ಕ್ರಮ ಬದಲಿಸಿ ನೋಡಿ: 3.5ರ ಷರತ್ತನ್ನು ಮೇಲಿಟ್ಟು 4ರದ್ದನ್ನು ಕೆಳಗಿಡಿ. ಫ್ಯಾಟ್ 4.2 ಕೊಟ್ಟರೆ ಸಿಗುವ ದರ 40. ಮೊದಲು ನಿಜವಾದ ಷರತ್ತು ಸಿಕ್ಕ ಕೂಡಲೇ ಉಳಿದವನ್ನು ಪೈಥಾನ್ ನೋಡುವುದೇ ಇಲ್ಲ. ಇಂಥ ತಪ್ಪಿನಿಂದ ಹಾಲು ಹಾಕಿದವರಿಗೆ ಲೀಟರಿಗೆ ಎರಡು ರೂಪಾಯಿ ಕಡಿಮೆ ಹೋಗುತ್ತದೆ, ಪರದೆಯಲ್ಲಿ ಯಾವ ಕೆಂಪಕ್ಷರವೂ ಬರುವುದಿಲ್ಲ. ಆದ್ದರಿಂದ ಷರತ್ತು ಬರೆದಾಗಲೆಲ್ಲ ಗಡಿಯ ಅಂಕಿಗಳನ್ನೇ ಕೊಟ್ಟು ಪರೀಕ್ಷಿಸಿ: 3.4, 3.5, 3.9, 4, 4.1. ಐದಕ್ಕೂ ಉತ್ತರ ಮೊದಲೇ ಬರೆದಿಟ್ಟುಕೊಂಡು. ನಡುವಿನ ಅಂಕಿಗಳಲ್ಲಿ ತಪ್ಪು ಅಡಗಿರುವುದು ಅಪರೂಪ, ಗಡಿಯಲ್ಲೇ ಅದು ಕೂತಿರುತ್ತದೆ.

ಎರಡು ಬೆಲೆ ಸಮವೇ ಎಂದು ಕೇಳಲು ಸಮ ಚಿಹ್ನೆ ಎರಡು ಸಲ. ಒಂದೇ ಹಾಕಿದರೆ ಅದು ಡಬ್ಬಿಗೆ ತುಂಬುವ ಆಜ್ಞೆ.

ಏಳು ದಿನದ ಲೆಕ್ಕ

ವಾರ = [6.5, 7, 6, 6.5, 7.5, 7, 6.5]
ಒಟ್ಟು = 0
ಫಾರ್ ದಿನ ಇನ್ ವಾರ:
    ಒಟ್ಟು = ಒಟ್ಟು + ದಿನ
ಪ್ರಿಂಟ್(ಒಟ್ಟು)

ಚೌಕ ಕಂಸದೊಳಗಿನದು ಪಟ್ಟಿ. ಫಾರ್ ಸಾಲು ಪಟ್ಟಿಯಿಂದ ಒಂದೊಂದೇ ಅಂಕಿ ತೆಗೆದು ದಿನ ಎಂಬ ಡಬ್ಬಿಗೆ ಹಾಕುತ್ತದೆ, ಒಳಸರಿದ ಸಾಲನ್ನು ಪ್ರತಿ ಸಲವೂ ಮಾಡುತ್ತದೆ. ಒಟ್ಟು = ಒಟ್ಟು + ದಿನ ಎಂಬ ಸಾಲು ಗಣಿತ ಬಲ್ಲವರ ಕಣ್ಣಿಗೆ ಚುಚ್ಚುತ್ತದೆ; ಡಬ್ಬಿಯ ಅರ್ಥದಲ್ಲಿ ಓದಿದರೆ ಸಲೀಸು. ಡಬ್ಬಿಯಲ್ಲಿರುವುದನ್ನು ತೆಗೆ, ಇವತ್ತಿನದನ್ನು ಕೂಡಿಸು, ಮತ್ತೆ ಅದೇ ಡಬ್ಬಿಗೆ ಹಾಕು. ಪೆನ್ಸಿಲ್ ಪಟ್ಟಿಯಲ್ಲಿ ಒಟ್ಟು ಹೀಗೆ ಏರಬೇಕು: 0, 6.5, 13.5, 19.5, 26.0, 33.5, 40.5, 47.0. ಪರದೆಗೆ ಬರುವುದು ಕೊನೆಯ 47.0 ಮಾತ್ರ.

ಈಗ ಬೇಕೆಂದೇ ಎರಡು ತಪ್ಪು ಮಾಡಿ. ಪ್ರಿಂಟ್ ಸಾಲನ್ನು ನಾಲ್ಕು ಸ್ಪೇಸ್ ಒಳಗೆ ತಳ್ಳಿದರೆ ಏಳು ಸಾಲು ಉತ್ತರ ಬರುತ್ತದೆ, ಪ್ರತಿ ಸುತ್ತಿಗೂ ಒಂದು. ಒಟ್ಟು = 0 ಸಾಲನ್ನು ಫಾರ್ ಒಳಗೆ ಹಾಕಿದರೆ ಉತ್ತರ 6.5, ಏಕೆಂದರೆ ಪ್ರತಿ ದಿನ ಬೆಳಗ್ಗೆ ಡಬ್ಬಿ ಖಾಲಿ ಮಾಡಿ ಶುರುಮಾಡಿದ ಹಾಗಾಗಿ ಕೊನೆಯ ದಿನದ್ದಷ್ಟೇ ಉಳಿಯಿತು. ಮೂರ್ನಾಲ್ಕು ಅಕ್ಷರದ ಜಾಗದಲ್ಲಿ ಅರ್ಥ ಇಷ್ಟು ಬದಲಾಗುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಒಳಸರಿತದ ಬಗ್ಗೆ ಇನ್ನೊಬ್ಬರು ಹೇಳಬೇಕಿಲ್ಲ.

ಪಟ್ಟಿಯ ಎಣಿಕೆ ಸೊನ್ನೆಯಿಂದ. ವಾರ[0] ಮೊದಲ ದಿನ, ವಾರ[6] ಏಳನೆಯ ದಿನ, ವಾರ[7] ಕೇಳಿದರೆ ಇಂಡೆಕ್ಸ್‌ಎರರ್. ರೇಂಜ್ ಕೂಡ ಹೊಸಬರನ್ನು ಕಾಡುತ್ತದೆ: ರೇಂಜ್(1, 10) ಅಂದರೆ 1ರಿಂದ 9ರವರೆಗೆ. ಏಳರ ಮಗ್ಗಿ ಹತ್ತರವರೆಗೆ ಬೇಕಿದ್ದರೆ ರೇಂಜ್(1, 11) ಎಂದೇ ಕೊಡಬೇಕು. ಸರಾಸರಿಗೆ ಒಟ್ಟನ್ನು ದಿನಗಳ ಸಂಖ್ಯೆಯಿಂದ ಭಾಗಿಸಿ. ಪಟ್ಟಿ ಖಾಲಿಯಿದ್ದರೆ ಸೊನ್ನೆಯಿಂದ ಭಾಗಿಸಿದಂತಾಗಿ ಪ್ರೋಗ್ರಾಮ್ ನಿಲ್ಲುತ್ತದೆ, ಹಾಗಾಗಿ ಮೊದಲೇ ಇಫ್ ಹಾಕಿ ನೋಡಿಕೊಳ್ಳಿ.

ಅಂದಹಾಗೆ, ಪಟ್ಟಿಯಲ್ಲಿ ಎಷ್ಟಿವೆ ಎಂದು ಹೇಳುವ ಲೆನ್ (ಎಲ್, ಇ, ಎನ್) ಆಜ್ಞೆಯನ್ನು "ಕನ್ನಡ" ಎಂಬ ಪದಕ್ಕೆ ಹಾಕಿ ನೋಡಿ. ನಮ್ಮ ಎಣಿಕೆಗೆ ಮೂರು ಅಕ್ಷರ, ಪೈಥಾನ್ ಹೇಳುವುದು 5. ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂದು ಯೂನಿಕೋಡ್ ಬಿಡಿಬಿಡಿಯಾಗಿ ಇಡುತ್ತದೆ. ಕನ್ನಡದ ಪದಬಂಧ, ಪ್ರಾಸ ಹುಡುಕುವಂಥ ಪ್ರೋಗ್ರಾಮ್ ಬರೆಯುವ ಆಸೆ ಇರುವವರು ಇದನ್ನು ಈಗಲೇ ಗುರುತು ಹಾಕಿಕೊಳ್ಳಿ.

ಒಂದು ಕೆಲಸಕ್ಕೆ ಒಂದು ಹೆಸರು

ದರ ಕಟ್ಟುವ ಏಳು ಸಾಲನ್ನು ಬೆಳಗಿನ ಹಾಲಿಗೊಮ್ಮೆ, ಸಂಜೆಯದಕ್ಕೊಮ್ಮೆ ಬರೆಯುವ ಬದಲು ಅದಕ್ಕೊಂದು ಹೆಸರು ಕೊಟ್ಟು ಬೇಕಾದಾಗ ಕರೆಯಬಹುದು.

ಡೆಫ್ ದರ_ಹೇಳು(ಫ್ಯಾಟ್):
    ಇಫ್ ಫ್ಯಾಟ್ >= 4:
        ರಿಟರ್ನ್ 42
    ಎಲಿಫ್ ಫ್ಯಾಟ್ >= 3.5:
        ರಿಟರ್ನ್ 40
    ಎಲ್ಸ್:
        ರಿಟರ್ನ್ 36

ಮೊತ್ತ = 6.5 * ದರ_ಹೇಳು(4.2)

ಇದನ್ನು ಫಂಕ್ಷನ್ ಅನ್ನುತ್ತಾರೆ. ಇಲ್ಲಿ ಎಲ್ಲರೂ ತಪ್ಪುವುದು ಪ್ರಿಂಟ್ ಮತ್ತು ರಿಟರ್ನ್ ನಡುವೆ. ಪ್ರಿಂಟ್ ಪರದೆಗೆ ತೋರಿಸುತ್ತದೆ ಅಷ್ಟೇ, ರಿಟರ್ನ್ ಉತ್ತರವನ್ನು ಕರೆದವರ ಕೈಗೆ ಕೊಡುತ್ತದೆ. ರಿಟರ್ನ್ ಬದಲು ಪ್ರಿಂಟ್ ಹಾಕಿದರೆ 42 ಪರದೆಯ ಮೇಲೆ ಕಾಣುತ್ತದೆ, ಆದರೆ ಗುಣಾಕಾರದ ಸಾಲಿಗೆ ಏನೂ ತಲುಪದೆ ಟೈಪ್‌ಎರರ್ ಬರುತ್ತದೆ. ಸಂದೇಶದಲ್ಲಿ ನನ್‌ಟೈಪ್ ಎಂಬ ಪದ ಕಂಡರೆ ಬಹುಪಾಲು ಇದೇ ಕಾರಣ.

ಎಷ್ಟು ಹೊತ್ತು, ಏನೇನು

ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ ಕೂತರೆ ಇಲ್ಲಿಯವರೆಗಿನದಕ್ಕೆ ಆರು ವಾರ ಇಟ್ಟುಕೊಳ್ಳಿ. ಭಾನುವಾರ ಒಂದೇ ದಿನ ಐದು ಗಂಟೆ ಕೂರುವುದರಿಂದ ಅಷ್ಟು ಬರುವುದಿಲ್ಲ, ನಡುವಿನ ಆರು ದಿನದಲ್ಲಿ ಕೈ ಮರೆತಿರುತ್ತದೆ. ಡಬ್ಬಿ ಮತ್ತು ಇನ್‌ಪುಟ್‌ಗೆ ಒಂದು ವಾರ, ಷರತ್ತಿಗೆ ಒಂದು, ಪಟ್ಟಿ ಮತ್ತು ಫಾರ್‌ಗೆ ಎರಡು, ಉಳಿದದ್ದು ಫಂಕ್ಷನ್‌ಗೆ. ಎರಡು ಸಾಲು ಬರೆದ ಕೂಡಲೇ ಓಡಿಸಿ ನೋಡಿ. ಇಪ್ಪತ್ತು ಸಾಲು ಬರೆದು ಒಮ್ಮೆಗೇ ಓಡಿಸಿದರೆ ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಚಾಟ್‌ಬಾಟ್ ಕೈಲಿ ಪ್ರೋಗ್ರಾಮ್ ಬರೆಸುವುದು ಈ ಆರು ವಾರ ಬೇಡ. ಅದು ಬರೆದದ್ದು ಸರಿಯೇ ಇರಬಹುದು, ಆದರೆ ಏರದ ಮೆಟ್ಟಿಲನ್ನು ಏರಿದಂತೆ ಅನ್ನಿಸಿಬಿಡುತ್ತದೆ. ಕೆಂಪಕ್ಷರದ ಸಂದೇಶವನ್ನು ಕೊಟ್ಟು ಕನ್ನಡದಲ್ಲಿ ವಿವರಿಸಲು ಕೇಳಿ, ತಿದ್ದುವುದನ್ನು ನೀವೇ ತಿದ್ದಿ. ಸಿಕ್ಕಿಹಾಕಿಕೊಂಡಾಗ ಮನೆಯವರೊಬ್ಬರನ್ನು ಪಕ್ಕ ಕೂರಿಸಿ ಸಾಲು ಸಾಲಾಗಿ ಬಾಯಿಬಿಟ್ಟು ಹೇಳಿ: ಈ ಸಾಲಿಗೆ ಒಟ್ಟು ಡಬ್ಬಿಯಲ್ಲಿ ಇಷ್ಟಿದೆ, ಇದು ಇಷ್ಟಾಗುತ್ತದೆ. ಅವರಿಗೆ ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಹೇಳುತ್ತ ಹೇಳುತ್ತ ತಪ್ಪಿದ ಸಾಲಿನ ಹತ್ತಿರ ನಿಮ್ಮ ಮಾತೇ ತಡೆಯುತ್ತದೆ.

ಅಭ್ಯಾಸಕ್ಕೆ ಮೂರು ಲೆಕ್ಕ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 25,000 ರೂಪಾಯಿಗೆ 14 ತಿಂಗಳ ಬಡ್ಡಿ; ಉತ್ತರ 7,000 ಬರಬೇಕು, ವರ್ಷಕ್ಕೆ ಇದು ಶೇಕಡಾ 24 ಎಂಬುದನ್ನೂ ಪ್ರೋಗ್ರಾಮ್ ಹೇಳಲಿ. ಎರಡನೆಯದು ಅಧಿಕ ವರ್ಷ: ನಾಲ್ಕರಿಂದ ಭಾಗವಾದರೆ ಹೌದು, ನೂರರಿಂದಲೂ ಭಾಗವಾದರೆ ಅಲ್ಲ, ನಾನೂರರಿಂದಲೂ ಆದರೆ ಮತ್ತೆ ಹೌದು. 1900, 2000, 2023, 2024 ಕೊಟ್ಟು ನೋಡಿ. ಅಲ್ಲ, ಹೌದು, ಅಲ್ಲ, ಹೌದು ಎಂದು ಬರಬೇಕು. ಮೂರನೆಯದು ಪ್ರೋಗ್ರಾಮ್ ಮನಸ್ಸಿನಲ್ಲಿಟ್ಟ 1ರಿಂದ 100ರೊಳಗಿನ ಅಂಕಿಯನ್ನು ಊಹಿಸುವ ಆಟ; ಊಹೆ ತಪ್ಪಾದರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಪ್ರೋಗ್ರಾಮ್ ಹೇಳಬೇಕು. ಇದಕ್ಕೆ ರ್ಯಾಂಡಮ್ ಸಾಮಗ್ರಿಯ ರ್ಯಾಂಡ್‌ಇಂಟ್ ಬೇಕು. ಇದು ರೇಂಜ್ ಹಾಗೆ ಅಲ್ಲ, ಇದರಲ್ಲಿ 1 ಮತ್ತು 100 ಎರಡೂ ಸೇರಿವೆ. ಊಹೆ ಸರಿಯಾಗುವವರೆಗೂ ಸುತ್ತಲು ವೈಲ್ (ಡಬ್ಲ್ಯು, ಎಚ್, ಐ, ಎಲ್, ಇ) ಆಜ್ಞೆ. ಸುತ್ತಿನೊಳಗೆ ಮತ್ತೆ ಇನ್‌ಪುಟ್ ಕೇಳಲು ಮರೆತರೆ ಪ್ರೋಗ್ರಾಮ್ ನಿಲ್ಲುವುದೇ ಇಲ್ಲ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಪ್ರತಿ ಸಲ ಉಳಿದ ಅಂಕಿಗಳ ನಡುವಿನದನ್ನೇ ಊಹಿಸಿದರೆ ಹೆಚ್ಚೆಂದರೆ ಏಳು ಊಹೆಯಲ್ಲಿ ಸಿಗುತ್ತದೆ.

ಲೆಕ್ಕವನ್ನು ಉಳಿಸಿಡುವುದು

ಪ್ರೋಗ್ರಾಮ್ ಮುಚ್ಚಿದರೆ ಡಬ್ಬಿಗಳೆಲ್ಲ ಖಾಲಿ. ತಿಂಗಳ ಲೆಕ್ಕ ಬೇಕಿದ್ದರೆ ಫೈಲಿಗೆ ಬರೆಯಬೇಕು, ಅದಕ್ಕೆ ಓಪನ್ ಆಜ್ಞೆ. ಅದಕ್ಕೆ ಮೂರು ಸಂಗತಿ ಕೊಡಿ: ಫೈಲಿನ ಹೆಸರು, ಬರೆಯುವ ಬಗೆ, ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಯಾವ ಕ್ರಮದಲ್ಲಿ ಸಂಖ್ಯೆಯಾಗಿ ಇಡಬೇಕು ಎಂಬುದು). ಬಗೆಯ ಜಾಗದಲ್ಲಿ ಇಂಗ್ಲಿಷಿನ ಎ ಕೊಟ್ಟರೆ ಇದ್ದದ್ದರ ಕೆಳಗೆ ಸೇರುತ್ತದೆ. ಡಬ್ಲ್ಯು ಕೊಟ್ಟರೆ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುತ್ತದೆ, ಒಂದು ಮಾತೂ ಕೇಳುವುದಿಲ್ಲ. ತಿಂಗಳ ಲೆಕ್ಕ ಹೀಗೆ ಹೋಗದಿರಲಿ. ಎನ್‌ಕೋಡಿಂಗ್ ಅನ್ನು ಹೆಸರು ಸಮೇತ ಎನ್‌ಕೋಡಿಂಗ್="ಯುಟಿಎಫ್-8" ಎಂದು ಕೊಡಲೇಬೇಕು. ವಿಂಡೋಸಿನಲ್ಲಿ ಅದನ್ನು ಬಿಟ್ಟರೆ ಪೈಥಾನ್ ಸಾಮಾನ್ಯವಾಗಿ ಕನ್ನಡಕ್ಕೆ ಜಾಗವೇ ಇಲ್ಲದ ಹಳೆಯ ಅಕ್ಷರ ಕೋಷ್ಟಕವನ್ನು ಹಿಡಿಯುತ್ತದೆ, ಮೊದಲ ಕನ್ನಡ ಅಕ್ಷರಕ್ಕೇ ಯೂನಿಕೋಡ್‌ಎನ್‌ಕೋಡ್‌ಎರರ್ ಬಂದು ನಿಲ್ಲುತ್ತದೆ. ಓದುವಾಗಲೂ ಯುಟಿಎಫ್-8 ಎಂದೇ ಕೊಡಿ.

ಫೈಲಿಗೆ ಬರಹವನ್ನಷ್ಟೇ ಬರೆಯಬಹುದು, ಆದ್ದರಿಂದ ಸಂಖ್ಯೆಗೆ ಎಸ್‌ಟಿಆರ್ ಆಜ್ಞೆ ಹೊದಿಸಿ ಬರಹ ಮಾಡಿ. ಪ್ರತಿ ದಿನದ್ದರ ಕೊನೆಗೆ ಹೊಸ ಸಾಲಿನ ಗುರುತಾದ ಬ್ಯಾಕ್‌ಸ್ಲ್ಯಾಶ್ ಎನ್ ಸೇರಿಸಿ, ಇಲ್ಲದಿದ್ದರೆ 6.5 ಮತ್ತು 7.0 ಅಂಟಿಕೊಂಡು 6.57.0 ಎಂದು ಕೂತುಬಿಡುತ್ತದೆ, ಓದುವಾಗ ಫ್ಲೋಟ್ ಅದನ್ನು ಒಪ್ಪುವುದಿಲ್ಲ. ಒಂದು ವಾರದ ಹಾಲನ್ನು ಹೀಗೆ ದಿನಕ್ಕೊಂದು ಸಾಲು ತುಂಬಿಸಿ, ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಏಳು ಸಾಲು ಇವೆಯೇ ಎಂದು ಎಣಿಸಿ, ಪ್ರೋಗ್ರಾಮ್ ಹೇಳಿದ ಒಟ್ಟನ್ನು ಡೇರಿಯ ಪಾಸ್‌ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿ.